ಕನಕಪುರ ರಸ್ತೆಯ ಕಾವೇರಿ

ಬಿಟಿಎಂ ಲೇಔಟ್‌ನ ಅಡ್ಡರಸ್ತೆಗಳಲ್ಲಿ ಗೇಟಿಗೆ ತೂಗುಹಾಕಿರುವ ‘ಟು-ಲೆಟ್’ ಬೋರ್ಡುಗಳನ್ನು ಓದುತ್ತಾ ಹೋದರೆ ಒಂದು ನದಿಯ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಎರಡು ಬೆಡ್‌ರೂಮು, ಪೂರ್ವದ ಬಾಗಿಲು, ಬೈಕ್ ಪಾರ್ಕಿಂಗ್, ಕಾವೇರಿ ಮತ್ತು ಬೋರ್ ನೀರು. ಮನೆ ನೋಡಲು ಬಂದವರು ಅಡ್ವಾನ್ಸ್ ಎಷ್ಟೆಂದು ವಿಚಾರಿಸಿದ ಮೇಲೆ ಕೇಳುವುದೂ ಅದನ್ನೇ. ‘ಕಾವೇರಿ ಬರುತ್ತಾ ಆಂಟಿ?’ ‘ದಿನ ಬಿಟ್ಟು ದಿನ ಬರುತ್ತಪ್ಪ. ಸಂಪು ದೊಡ್ಡದಿದೆ, ಯೋಚನೆ ಮಾಡ್ಬೇಡ.’ ಕೊಡಗಿನವರಿಗೆ ಕಾವೇರಿ ತಾಯಿ, ಮಂಡ್ಯದ ರೈತನಿಗೆ ಕಾಲುವೆ, ತಂಜಾವೂರಿಗೆ ಭತ್ತ. ದಕ್ಷಿಣ ಬೆಂಗಳೂರಿಗೆ ಮಾತ್ರ ಅವಳು ನಲ್ಲಿಗಳಲ್ಲೊಂದು ಬಗೆ. ಅಡುಗೆಮನೆಯ ನಲ್ಲಿಯಲ್ಲಿ ಕಾವೇರಿ, ಬಚ್ಚಲಿನ ನಲ್ಲಿಯಲ್ಲಿ ಬೋರ್.

ಜಯನಗರದ ಹಳೆಯ ಬ್ಲಾಕುಗಳಲ್ಲಿ ನೀರು ಬಿಡುವ ವಾಲ್ವ್‌ಮನ್ ಬರುವ ಹೊತ್ತು ಮನೆಮನೆಗೂ ಗೊತ್ತು. ಆತನ ಕೈಯಲ್ಲಿ ಎದೆಯೆತ್ತರದ ಕಬ್ಬಿಣದ ಕೀಲಿ, ಮೇಲ್ತುದಿಯಲ್ಲಿ ಅಡ್ಡಹಿಡಿ. ರಸ್ತೆಯ ಮಧ್ಯೆ ಚೇಂಬರಿನ ಮುಚ್ಚಳ ಎತ್ತಿ, ಕೀಲಿಯನ್ನು ಒಳಗಿಳಿಸಿ, ಎರಡೂ ಕೈಯಲ್ಲಿ ಹಿಡಿಯನ್ನು ಸುತ್ತುತ್ತಾನೆ. ಮೊದಲು ಮೀಟರುಗಳಲ್ಲಿ ಗಾಳಿ ಸುಯ್ಯೆನ್ನುತ್ತದೆ, ಆಮೇಲೆ ಸಂಪಿನೊಳಗೆ ನೀರು ಧುಮುಕುವ ಸದ್ದು. ಹಳ್ಳಿಯ ಕೆರೆಗಳಲ್ಲಿ ತೂಬೆತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿಯ ಕೆಲಸವನ್ನೇ ಈತ ಡಾಂಬರು ರಸ್ತೆಯ ಮೇಲೆ ನಿಂತು ಮಾಡುತ್ತಿದ್ದಾನೆ. ಮೇಲಿನ ರಸ್ತೆಯವರಿಗೆ ಹತ್ತು ನಿಮಿಷ ಹೆಚ್ಚು ಬಿಟ್ಟೆ ಎಂದು ಕೆಳಗಿನ ರಸ್ತೆಯವರು ಜಗಳಕ್ಕೆ ಬರುವುದರಲ್ಲಿಯೂ ಏನೂ ಬದಲಾಗಿಲ್ಲ.

ಹೀಗೆ ಬಂದು ಬೀಳುವ ನೀರಿನ ಜಾಡು ಹಿಡಿದು ಹೊರಡಲು ಬನಶಂಕರಿ ಬಸ್ ನಿಲ್ದಾಣ ಸರಿಯಾದ ಜಾಗ. ಕನಕಪುರದ ಕಡೆಯ ಬಸ್ಸು ಸಾರಕ್ಕಿ ಗೇಟು, ಯಲಚೇನಹಳ್ಳಿ, ಕೋಣನಕುಂಟೆ ಕ್ರಾಸ್ ದಾಟಿ ತಲಘಟ್ಟಪುರಕ್ಕೆ ಬರುವಾಗ ತಲೆಯ ಮೇಲೆ ಮೆಟ್ರೊ ಓಡುತ್ತಿರುತ್ತದೆ. 2021ರಲ್ಲಿ ಈ ಹಸಿರು ಮಾರ್ಗ ರೇಷ್ಮೆ ಸಂಸ್ಥೆಯವರೆಗೆ ಬಂತು. ಅದಕ್ಕಿಂತ ಬಹಳ ಮೊದಲೇ ಇನ್ನೊಂದು ಮಾರ್ಗ ಇದೇ ದಾರಿಯಲ್ಲಿ ಬಂದಿದೆ. ಊರಿನ ಗದ್ದಲ ಕಳೆದ ಮೇಲೆ ರಸ್ತೆಯ ಪಕ್ಕದಲ್ಲಿ ಮಣ್ಣು ಮುಚ್ಚಿದ ಉದ್ದನೆಯ ದಿಬ್ಬ, ಹಳ್ಳ ಸಿಕ್ಕಲ್ಲಿ ಅದರ ಮೇಲೆ ಹಾದುಹೋಗುವ ಬೃಹತ್ ಉಕ್ಕಿನ ಕೊಳವೆ. ಬಸ್ಸು ಊರು ಬಿಟ್ಟು ಹೋಗುತ್ತಿದೆ, ನೀರು ಎದುರಿನಿಂದ ಊರಿಗೆ ಬರುತ್ತಿದೆ.

ತಾತಗುಣಿಯ ಪಂಪ್‌ಹೌಸು ಕಾವೇರಿಗೆ ನಗರ ಸೇರುವ ಮೊದಲಿನ ಕೊನೆಯ ಏರು. ಚಿತ್ರನಟಿ ದೇವಿಕಾ ರಾಣಿ ಮತ್ತು ಅವರ ಪತಿ, ಕಲಾವಿದ ಸ್ವೆತೊಸ್ಲಾವ್ ರೋರಿಕ್ ಬಾಳಿದ ವಿಶಾಲ ಎಸ್ಟೇಟ್‌ನಿಂದಾಗಿ ಈ ಹೆಸರು ಹೆಚ್ಚಿನವರಿಗೆ ಪರಿಚಿತ, ನೀರಿನಿಂದ ಅಲ್ಲ. ಪಂಪ್‌ಹೌಸಿನ ಹೆಸರು ಪೇಪರಿನಲ್ಲಿ ಬರುವುದು ಅಲ್ಲಿ ಕರೆಂಟು ಕೈಕೊಟ್ಟಾಗ, ‘ನಾಳೆ ಈ ಬಡಾವಣೆಗಳಿಗೆ ನೀರಿಲ್ಲ’ ಎಂಬ ಪಟ್ಟಿಯ ಮೇಲೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಒಮ್ಮೆ, ಹಾರೋಹಳ್ಳಿಯಲ್ಲಿ ಇನ್ನೊಮ್ಮೆ, ತಾತಗುಣಿಯಲ್ಲಿ ಮತ್ತೊಮ್ಮೆ, ಹೀಗೆ ಮೂರು ಕಡೆ ತಳ್ಳಿಸಿಕೊಂಡು ಕಾವೇರಿ ಸುಮಾರು 100 ಕಿ.ಮೀ. ದೂರ ಸಾಗಿ ಬರುತ್ತಾಳೆ. ಪಂಪುಗಳು ಹಾಕುವ ಒಟ್ಟು ಬಲ ನೀರನ್ನು ಸುಮಾರು 500 ಮೀಟರ್ ಎತ್ತರಕ್ಕೆ ಏರಿಸುವಷ್ಟು. ಹೈಸ್ಕೂಲಿನ ಭೌತವಿಜ್ಞಾನದಲ್ಲಿ ಲೆಕ್ಕ ಹಾಕಿದರೂ ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ತರಲು ಕನಿಷ್ಠ 1.36 ಯೂನಿಟ್ ವಿದ್ಯುತ್ ಬೇಕು. ಪಂಪು, ಮೋಟಾರುಗಳ ನಷ್ಟ ಸೇರಿದರೆ ಇನ್ನೂ ಹೆಚ್ಚು. ಅಂಗಳಕ್ಕೆ ಪೈಪು ಹಿಡಿದು ಧೂಳು ತೊಳೆಯುವವರು ನೀರಿನ ಜೊತೆ ಕರೆಂಟನ್ನೂ ಚರಂಡಿಗೆ ಬಿಡುತ್ತಿದ್ದಾರೆ.

ಜಗತ್ತಿನಲ್ಲಿ ದೂರದಿಂದ ನೀರು ತರಿಸಿಕೊಳ್ಳುವ ಊರುಗಳಿಗೇನೂ ಕಡಿಮೆಯಿಲ್ಲ. 1913ರಲ್ಲಿ ಲಾಸ್ ಏಂಜಲೀಸ್ ಸುಮಾರು 375 ಕಿ.ಮೀ. ಆಚೆಯ ಓವೆನ್ಸ್ ಕಣಿವೆಯಿಂದ ನೀರು ತಂದಿತು. ಆದರೆ ಅಲ್ಲಿ ನೀರು ಇಳಿಜಾರಿನಲ್ಲಿ ತಾನೇ ಹರಿದು ಬರುವಂತೆ ಕಾಲುವೆ ಕಟ್ಟಿದ್ದರು. ಗುಡ್ಡದ ನೆತ್ತಿಯ ಮೇಲೆ ಊರು ಕಟ್ಟಿಕೊಂಡವರಿಗೆ ಆ ಅನುಕೂಲವಿಲ್ಲ.

ಬೆಂಗಳೂರು ಮೊದಲು ಕುಡಿದದ್ದು ತನ್ನ ಕೆರೆಗಳನ್ನು, ಆಮೇಲೆ ಅರ್ಕಾವತಿಯನ್ನು. 1896ರ ಹೊತ್ತಿಗೆ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ ಕೊಳವೆಯ ನೀರು ಬಂತು. 1948ರಲ್ಲಿ ರಾಜಾಜಿಯವರು ಜಯನಗರಕ್ಕೆ ಅಡಿಗಲ್ಲು ಹಾಕಿದಾಗ ಕಾವೇರಿಯ ಸುಳಿವಿಲ್ಲ. ಜಲಮಂಡಳಿ ಹುಟ್ಟಿದ್ದು 1964ರಲ್ಲಿ, ಕಾವೇರಿಯ ಮೊದಲ ಹಂತ ಹರಿದದ್ದು 1974ರಲ್ಲಿ, ದಿನಕ್ಕೆ 13.5 ಕೋಟಿ ಲೀಟರ್. 1982, 1993, 2002, 2012 ಎಂದು ಹಂತಗಳು ಏರುತ್ತಾ ಬಂದು, ದಿನಕ್ಕೆ ಸುಮಾರು 145 ಕೋಟಿ ಲೀಟರ್ ತಲುಪಿತು. 2024ರ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾದ ಐದನೆಯ ಹಂತ ಇನ್ನೂ 77.5 ಕೋಟಿ ಲೀಟರ್ ತರುವಂಥದ್ದು. ನಗರಕ್ಕೆ ಸೇರಿಕೊಂಡ 110 ಹಳ್ಳಿಗಳಿಗೆಂದು ಹೊರಟ ಯೋಜನೆ ಅದು. ಅದೇ ವರ್ಷದ ಬೇಸಿಗೆಯಲ್ಲಿ ಕಾರು ತೊಳೆಯಲು ಕುಡಿಯುವ ನೀರು ಬಳಸಿದವರಿಗೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು. ಬೋರುಗಳು ಕೈಕೊಟ್ಟು ಟ್ಯಾಂಕರಿನವರು ಹೇಳಿದ್ದೇ ರೇಟು ಆಗಿತ್ತು.

ಕಗ್ಗಲೀಪುರ, ಹಾರೋಹಳ್ಳಿ ಕಳೆದು ಕನಕಪುರ. ಹಾರೋಹಳ್ಳಿಯಿಂದ ಮುಂದಿನ, ರಾಮನಗರ ಜಿಲ್ಲೆಯಲ್ಲಿದ್ದ ಊರುಗಳೆಲ್ಲ 2025ರಿಂದ ಸರ್ಕಾರಿ ಕಾಗದದಲ್ಲಿ ‘ಬೆಂಗಳೂರು ದಕ್ಷಿಣ ಜಿಲ್ಲೆ’. ಜಯನಗರದವರಿಗೂ ಸಾತನೂರಿನವರಿಗೂ ಈಗ ಹೆಚ್ಚುಕಡಿಮೆ ಒಂದೇ ವಿಳಾಸ. ಕೊಳವೆ ಮನೆ ಮುಂದೆಯೇ ಹಾದುಹೋಗುವ ಹಳ್ಳಿಗಳಲ್ಲಿ ಆ ನೀರು ತಮಗೇಕಿಲ್ಲ ಎಂಬ ಪ್ರಶ್ನೆ ಹಳೆಯದು. ವಿಳಾಸ ಬದಲಾದ ಮಾತ್ರಕ್ಕೆ ಅದು ಹೋಗುವಂಥದ್ದಲ್ಲ.

ಹಲಗೂರು ದಾಟಿದ ಮೇಲೆ ಭೂಮಿಯ ಬಣ್ಣ ಬದಲಾಗುತ್ತದೆ. ರಾಗಿ, ಹುರುಳಿಯ ಕೆಂಪು ಹೊಲಗಳ ನಡುವೆ ಕಬ್ಬು, ತೆಂಗು, ಗದ್ದೆ ಕಾಣಿಸುತ್ತವೆ. ತೊರೆಕಾಡನಹಳ್ಳಿಯಲ್ಲಿ ನದಿ ಕುಡಿಯುವ ನೀರಾಗುತ್ತದೆ. ಶಿವನಸಮುದ್ರಕ್ಕಿಂತ ಮೇಲೆ ಕಟ್ಟಿದ ಶಿವ ಅಣೆಕಟ್ಟೆಯಿಂದ ತಿರುಗಿಸಿದ ನೀರು ನೆಟ್ಕಲ್ ಜಲಾಶಯದ ಮೂಲಕ ಇಲ್ಲಿಗೆ ಬರುತ್ತದೆ. ಮೆಟ್ಟಿಲುಗಳ ಮೇಲಿಂದ ಬೀಳಿಸಿ ಗಾಳಿ ಬೆರೆಸಿ, ಆಲಂ ಹಾಕಿ ಕೆಸರನ್ನು ತಳಕ್ಕಿಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಸೇರಿಸಿ, ಪಂಪಿಗೆ ಕೊಡುತ್ತಾರೆ. ತೊಟ್ಟಿಗೆ ಬಂದಾಗ ಮಣ್ಣಿನ ಬಣ್ಣ, ಹೊರಡುವಾಗ ಯಾವ ಊರಿನದೆಂದು ಹೇಳಲಾಗದ ನೀರು. ಆಷಾಢದ ಕೆಂಪು ಹೊಳೆಯ ಗುರುತು ಅಲ್ಲಿಗೇ ಮುಗಿಯುತ್ತದೆ.

ಅಲ್ಲಿಂದ ಸ್ವಲ್ಪವೇ ದೂರದ ಶಿವನಸಮುದ್ರದಲ್ಲಿ ನಿಂತರೆ ಆ ಕೊಳವೆಗಳು ಎಷ್ಟು ದೊಡ್ಡ ಸಂಸಾರದಿಂದ ಪಾಲು ಪಡೆಯುತ್ತಿವೆ ಎಂಬುದು ಕಾಣುತ್ತದೆ. ಸುಮಾರು 800 ಕಿ.ಮೀ. ಉದ್ದದ ಈ ನದಿ ತಲಕಾವೇರಿಯಲ್ಲಿ ಹೊರಟು, ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥಗಳನ್ನು ಸೇರಿಸಿಕೊಂಡು, ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡು ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ಕರ್ನಾಟಕದ ಹೊಟ್ಟೆಪಾಡು ನೋಡಿಯಾಗಿದೆ. 1911ರಲ್ಲಿ ಶುರುವಾಗಿ 1931ರ ಹೊತ್ತಿಗೆ ಮುಗಿದ ಕನ್ನಂಬಾಡಿ ಕಟ್ಟೆಯಲ್ಲಿ ನಿಲ್ಲುವುದು 49.45 ಟಿಎಂಸಿ ನೀರು. ದಿನಕ್ಕೆ 145 ಕೋಟಿ ಲೀಟರಿನಂತೆ ಬೆಂಗಳೂರು ಎತ್ತುವ ನೀರನ್ನು ವರ್ಷಕ್ಕೆ ಕೂಡಿದರೆ ಸುಮಾರು 19 ಟಿಎಂಸಿ. ಐದನೆಯ ಹಂತವೂ ಪೂರ್ತಿ ಹರಿದರೆ 29ರ ಹತ್ತಿರ. ಮಂಡ್ಯದ ರೈತ ಬೇಸಿಗೆಯಲ್ಲಿ ನಾಲೆಗೆ ನೀರು ಕೇಳಿದಾಗ ‘ಕುಡಿಯುವ ನೀರಿಗೆ ಮೊದಲ ಆದ್ಯತೆ’ ಎಂಬ ಉತ್ತರ ಸಿಗುತ್ತದಲ್ಲ, ಅದರ ಹಿಂದಿನ ಅಂಕಿ ಇದು.

ಗಗನಚುಕ್ಕಿ ಜಲಪಾತದ ಕೆಳಗಿನ ವಿದ್ಯುದಾಗಾರಕ್ಕೂ ಬೆಂಗಳೂರಿಗೂ ಇನ್ನೂ ಹಳೆಯ ನಂಟು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿಸಿದ ಈ ಸ್ಥಾವರ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಉರಿದದ್ದೂ ಇಲ್ಲಿಯ ಕರೆಂಟಿನಿಂದಲೇ. ನೀರಾಗಿ ಬರುವುದಕ್ಕೆ 69 ವರ್ಷ ಮೊದಲೇ ಕಾವೇರಿ ಬೆಳಕಾಗಿ ಬೆಂಗಳೂರಿಗೆ ಬಂದಿದ್ದಳು.

ಬಂದ ದಾರಿಯಲ್ಲೇ ಕನಕಪುರಕ್ಕೆ ಮರಳಿ, ಅಲ್ಲಿಂದ ಸಂಗಮದ ಕಡೆ ತಿರುಗಿದರೆ ಕಥೆಯ ಉಳಿದರ್ಧ ಸಿಗುತ್ತದೆ. ಅರ್ಕಾವತಿ ಕಾವೇರಿಯನ್ನು ಸೇರುವ ಜಾಗ. ರಜಾದಿನ ಬಂತೆಂದರೆ ಬೆಂಗಳೂರಿನ ಬೈಕುಗಳ ಸಾಲು, ಕಬ್ಬಿಣದ ತವಾದಲ್ಲಿ ಹುರಿಯುವ ಮೀನಿನ ವಾಸನೆ. ಹೊಳೆ ತುಂಬಿದ್ದರೆ ತೆಪ್ಪದಲ್ಲಿ ಅರ್ಕಾವತಿಯ ಆಚೆ ದಡಕ್ಕೆ ಹೋಗಬೇಕು. ‘ಬನ್ನಿ ಅಕ್ಕ, ಅಲುಗಾಡದೆ ಕೂತ್ಕೊಳ್ಳಿ, ಮಗೂನ ಮಧ್ಯಕ್ಕೆ ತಗೊಳ್ಳಿ’ ಎನ್ನುತ್ತಾ ತೆಪ್ಪದವರು ಒಂದೇ ಹುಟ್ಟಿನಲ್ಲಿ ಮೆಲ್ಲಗೆ ದಾಟಿಸುತ್ತಾರೆ. ಆಚೆಯಿಂದ ಕುಲುಕಾಡುವ ಬಸ್ಸೊಂದು ಮೇಕೆದಾಟಿಗೆ ಕರೆದೊಯ್ಯುತ್ತದೆ. ಅಷ್ಟು ಅಗಲವಾಗಿದ್ದ ಕಾವೇರಿ ಅಲ್ಲಿ ಕರಿಬಂಡೆಗಳ ಸೀಳಿನೊಳಗೆ ನುಗ್ಗುತ್ತಾಳೆ. ನೋಡಲು ಇಕ್ಕಟ್ಟು, ಒಳಗೆ ಸುಳಿ. ಬಂಡೆಯ ತುದಿಗೆ ಹೋಗಿ ಸೆಲ್ಫಿ ತೆಗೆಯುವವರನ್ನು ಬೈದು ಬೈದು ಸ್ಥಳೀಯರ ಗಂಟಲು ಸೋತಿದೆ. ಇಲ್ಲಿ 67.16 ಟಿಎಂಸಿಯ ಅಣೆಕಟ್ಟು ಕಟ್ಟಿ ಬೆಂಗಳೂರಿಗೆ ಇನ್ನಷ್ಟು ನೀರು ತರಬೇಕೆಂಬುದು ಕರ್ನಾಟಕದ ಯೋಜನೆ. ಅದು ಬೇಡವೆಂಬುದು ತಮಿಳುನಾಡಿನ ಹಟ. 2022ರ ಜನವರಿಯಲ್ಲಿ ಆ ಅಣೆಕಟ್ಟು ಬೇಕೆಂದು ಇದೇ ಸಂಗಮದಿಂದ ಹೊರಟ ಕಾಂಗ್ರೆಸ್ಸಿನ ಪಾದಯಾತ್ರೆ ನಡುವೆ ಕೊರೊನಾದಿಂದಾಗಿ ನಿಂತು, ಮಾರ್ಚಿನಲ್ಲಿ ಕೊನೆ ಮುಟ್ಟಿದ್ದು ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ.

ಪಾದಯಾತ್ರೆ ಕೊನೆಗೊಂಡ ಆ ಬಸವನಗುಡಿಯಿಂದಲೇ ಸಂಗಮಕ್ಕೆ ಒಂದು ಹೊಳೆ ಹರಿದು ಬರುತ್ತಿದೆ. ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆಂಬ ನಂಬಿಕೆಯ ವೃಷಭಾವತಿ ಅದು. (ಮಲ್ಲೇಶ್ವರದವರು ತಮ್ಮ ಕಾಡು ಮಲ್ಲೇಶ್ವರನ ಬಳಿಯೂ ಅದರ ಮೂಲ ತೋರಿಸುತ್ತಾರೆ. ನದಿಗೆ ತವರು ಎರಡಿದ್ದರೇನಂತೆ.) ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕ, ನಾಯಂಡಹಳ್ಳಿ, ಕೆಂಗೇರಿಯ ಕಡೆ ಈ ಹೊಳೆಯ ಪರಿಚಯ ಆಗುವುದು ಮೂಗಿಗೆ. ಬನಶಂಕರಿಯ ಪಶ್ಚಿಮ ಬಡಾವಣೆಗಳಲ್ಲಿ ಪಾತ್ರೆ ತೊಳೆದ, ಬಟ್ಟೆ ಒಗೆದ, ಫ್ಲಶ್ ಮಾಡಿದ ನೀರೆಲ್ಲ, ಸಂಸ್ಕರಣಾ ಘಟಕ ದಾಟಿದ್ದೂ ದಾಟದೆ ತಪ್ಪಿಸಿಕೊಂಡದ್ದೂ, ಕಡೆಗೆ ಸೇರುವುದು ಇಲ್ಲಿಗೆ. ಬಿಡದಿ ಸಮೀಪ ಬೈರಮಂಗಲ ಕೆರೆಯಲ್ಲಿ ಅದು ನೊರೆ ಕಟ್ಟಿಕೊಂಡು ನಿಲ್ಲುತ್ತದೆ. ಆಮೇಲೆ ಅರ್ಕಾವತಿಗೆ, ಹಾರೋಬೆಲೆ ಜಲಾಶಯಕ್ಕೆ, ಸಂಗಮಕ್ಕೆ.

ಬೈರಮಂಗಲದಲ್ಲಿ ತುಸು ಹೊತ್ತು ನಿಲ್ಲಲೇಬೇಕು. 1940ರ ದಶಕದಲ್ಲಿ ಈ ಕೆರೆ ಕಟ್ಟಿದ್ದು ನೀರಾವರಿಗೆ, ವೃಷಭಾವತಿ ತಿಳಿಯಾಗಿದ್ದ ಕಾಲದಲ್ಲಿ. ಮಳೆಗಾಲಕ್ಕೆ ಮಾತ್ರ ತುಂಬುತ್ತಿದ್ದ ಹೊಳೆ ಬೆಂಗಳೂರು ಬೆಳೆದ ಮೇಲೆ ವರ್ಷವಿಡೀ ಹರಿಯತೊಡಗಿತು. ಕೊಳೆತ ನೀರು ನಿಜ, ಆದರೆ ಬೇಸಿಗೆಯಲ್ಲೂ ಬತ್ತದ ನೀರು. ಕೆಳಗಿನ ರೈತರು ಭತ್ತ ಬಿಟ್ಟು ಮೇವಿನ ಹುಲ್ಲು, ಬೇಬಿ ಕಾರ್ನ್‌ನಂಥ ಬೆಳೆಗಳತ್ತ ಹೊರಳಿದರು. ಹುಲ್ಲು ಹಸುವಿನ ಹೊಟ್ಟೆಗೆ, ಹಾಲು ಡೈರಿಗೆ, ಡೈರಿಯ ಹಾಲು ಎಲ್ಲಿಗೆಂದು ಬೇರೆ ಹೇಳಬೇಕಿಲ್ಲ. ಮೆಕ್ಸಿಕೊ ನಗರಕ್ಕೂ ಬೆಂಗಳೂರಿನ ಹಾಗೆಯೇ ಎತ್ತರದ ಸಂಕಟ. ಅಲ್ಲಿ ಕುಟ್ಸಮಾಲಾ ವ್ಯವಸ್ಥೆ ನೀರನ್ನು ಸಾವಿರ ಮೀಟರಿಗೂ ಮೇಲೆ ಎತ್ತುತ್ತದೆ, ಆ ಊರಿನ ಕೊಳಚೆ ಮೆಸ್ಕಿತಾಲ್ ಕಣಿವೆಯ ಹೊಲಗಳಿಗೆ ಹೋಗುತ್ತದೆ. ಎತ್ತರದ ಊರುಗಳ ಕೆಳಗಿನ ರೈತರ ಪಾಡು ಎಲ್ಲ ಕಡೆ ಹೀಗೇ ಇರುವಂತಿದೆ: ಆ ನೀರು ಬೇಡವೆನ್ನಲು ಹೊಟ್ಟೆ ಬಿಡುವುದಿಲ್ಲ, ಬೇಕೆನ್ನಲು ಮನಸ್ಸು ಬರುವುದಿಲ್ಲ.

ಬೆಂಗಳೂರು ನೀರೆತ್ತುವುದು ಶಿವನಸಮುದ್ರದ ಮೇಲ್ಗಡೆ, ಕೊಳೆ ಬಂದು ಸೇರುವುದು ಅದರ ಕೆಳಗಿನ ಸಂಗಮದಲ್ಲಿ. ಹಾಗಾಗಿ ತಾನು ಬಿಟ್ಟದ್ದನ್ನು ತಾನೇ ಕುಡಿಯುವ ಪ್ರಸಂಗ ಊರಿಗಿಲ್ಲ. ಅದು ಮೆಟ್ಟೂರಿನ ಪಾಲಿಗೆ. ಮೇಕೆದಾಟು ಯೋಜನೆ ಮಾತ್ರ ಈ ಲೆಕ್ಕ ತಲೆಕೆಳಗು ಮಾಡುತ್ತದೆ, ಏಕೆಂದರೆ ಆ ಜಲಾಶಯ ಬರಬೇಕಿರುವುದು ಸಂಗಮದಿಂದ ಕೆಳಗೆ. ಅಣೆಕಟ್ಟಿನ ಪರ ಘೋಷಣೆ ಕೂಗುವವರು ವೃಷಭಾವತಿಯ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಮಾತಾಡಬೇಕಿತ್ತು. ಅದು ಕೇಳಿಬರುವುದು ಅಪರೂಪ.

ಹಾಗೆಂದು ದಕ್ಷಿಣ ಬೆಂಗಳೂರಿನ ನೀರೆಲ್ಲ ಕಾವೇರಿಗೆ ಮರಳುತ್ತದೆ ಎಂದುಕೊಂಡರೆ ತಪ್ಪು. ಕೆಂಪಾಂಬುಧಿ ಕೆರೆಯ ಏರಿಯ ಬಳಿ ಕೆಂಪೇಗೌಡರ ಒಂದು ಗೋಪುರವಿದೆ, ಲಾಲ್‌ಬಾಗಿನ ಬಂಡೆಯ ಮೇಲೆ ಇನ್ನೊಂದು. ನಡುವೆ ಎರಡು ಕಿಲೋಮೀಟರಿನ ಆಸುಪಾಸು, ಬಸವನಗುಡಿ. ಆ ನಡುವೆ ಎಲ್ಲೋ ಬೆಂಗಳೂರಿನ ಬೆನ್ನುಮೂಳೆಯಂಥ ದಿಣ್ಣೆ ಹಾದುಹೋಗುತ್ತದೆ. ಕೆಂಪಾಂಬುಧಿಯ ಕಡೆ ಬಿದ್ದ ಮಳೆ ವೃಷಭಾವತಿಗೆ, ಕಾವೇರಿಗೆ, ಪೂಂಪುಹಾರಿನ ಬಳಿ ಸಮುದ್ರಕ್ಕೆ. ಲಾಲ್‌ಬಾಗಿನ ಕಡೆ ಬಿದ್ದದ್ದು ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಬೆಳ್ಳಂದೂರಿಗೆ, ವರ್ತೂರಿಗೆ, ದಕ್ಷಿಣ ಪಿನಾಕಿನಿಗೆ, ಹೊಸೂರಿನ ಪಕ್ಕದ ಕೆಲವರಪಲ್ಲಿ ಜಲಾಶಯಕ್ಕೆ, ಕೊನೆಗೆ ಕಡಲೂರಿನಲ್ಲಿ ಸಮುದ್ರಕ್ಕೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ ಸೇರಿಸಿ ಹೆಸರಿಟ್ಟುಕೊಂಡ ಬಿಟಿಎಂ ಈ ಪೂರ್ವದ ಇಳಿಜಾರಿನಲ್ಲಿದೆ.

ಈ ದಿಣ್ಣೆ ಕೋರ್ಟಿನ ಕಟಕಟೆಗೂ ಹೋಗಿ ಬಂದಿದೆ. 2007ರ ಫೆಬ್ರುವರಿ 5ರಂದು ಅಂತಿಮ ತೀರ್ಪು ಕೊಟ್ಟ ಕಾವೇರಿ ನ್ಯಾಯಮಂಡಳಿ, ಬೆಂಗಳೂರಿನ ಮೂರರಲ್ಲೊಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ, ಅಷ್ಟಕ್ಕೇ ಕುಡಿಯುವ ನೀರಿನ ಲೆಕ್ಕ ಎಂದಿತ್ತು. ದಿಣ್ಣೆಯ ಆಚೆಯವರು ಕಾವೇರಿ ಕುಡಿಯುತ್ತಲೇ ಇದ್ದರು, ಕಾಗದದಲ್ಲಿ ಮಾತ್ರ ಅವರು ಪರಕೊಳ್ಳದವರು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟು ಆ ಗೆರೆಯನ್ನು ಒಪ್ಪದೆ ಇಡೀ ನಗರವನ್ನು ಪರಿಗಣಿಸಿ ಬೆಂಗಳೂರಿಗೆಂದೇ 4.75 ಟಿಎಂಸಿ ಹೆಚ್ಚು ಕೊಟ್ಟಿತು. ಕರ್ನಾಟಕದ ಪಾಲು 284.75 ಟಿಎಂಸಿ ಆಯಿತು. ಈ ಲೆಕ್ಕಗಳ ಅಡಿಯಲ್ಲಿ ಇನ್ನೊಂದು ಲೆಕ್ಕವಿದೆ. ಮನೆಬಳಕೆಗೆ ಕೊಟ್ಟ ನೀರಿನಲ್ಲಿ ಐದರಲ್ಲೊಂದು ಪಾಲಷ್ಟೇ ಖರ್ಚು, ಉಳಿದದ್ದು ಮರಳಿ ನದಿಗೆ ಎಂಬುದು. ಬನಶಂಕರಿಯ ಮಟ್ಟಿಗೆ ಇದು ಹೇಗೋ ಸರಿಹೋಗುತ್ತದೆ. ಬಿಟಿಎಂ ಮಟ್ಟಿಗೆ ಇಲ್ಲ. ಅಲ್ಲಿ ಸಿಂಕಿನಿಂದ ಇಳಿದ ಕಾವೇರಿ ಮತ್ತೆ ಕಾವೇರಿಯ ಮುಖ ನೋಡುವುದಿಲ್ಲ.

ಮಡಿವಾಳ ಕೆರೆ, ಸಾರಕ್ಕಿ ಕೆರೆ, ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗಳು ಒಂದು ಕಾಲಕ್ಕೆ ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ರಾಜಕಾಲುವೆಗಳಿಂದ ಪೋಣಿಸಿದ್ದ ಸರದ ಮಣಿಗಳು. ಸಾರಕ್ಕಿಯ ಒತ್ತುವರಿಯನ್ನು 2015ರಲ್ಲಿ ಜೆಸಿಬಿ ತಂದು ತೆರವು ಮಾಡಿದರು. ಪುಟ್ಟೇನಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ನೋಡಿಕೊಳ್ಳುತ್ತಿದ್ದಾರೆ. ಮಳೆ ನೀರು ಸಾಲದಾದಾಗ ನೆರೆಯ ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ನೀರನ್ನು ಕೆರೆಗೆ ಬಿಡಿಸಿಕೊಂಡರು. ಅಂದರೆ ಅಲ್ಲಿನ ನೀರುಕಾಗೆಗಳು ಮೀನಿಗೆ ಮುಳುಗುವುದು ಬಹುಮಟ್ಟಿಗೆ ಒಮ್ಮೆ ಬಳಸಿದ ನೀರಿನಲ್ಲಿ.

ಬೆಳ್ಳಂದೂರಿನ ಕಥೆ ಎಲ್ಲರಿಗೂ ಗೊತ್ತು: ರಸ್ತೆಗೆ ಹಾರಿದ ನೊರೆ, 2015, 2017, 2018ರಲ್ಲಿ ಕೆರೆಗೇ ಹೊತ್ತಿದ ಬೆಂಕಿ. ಕಡಿಮೆ ಗಮನ ಸೆಳೆದದ್ದು ಆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಹಿಡಿದ ಹೊಸ ದಾರಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಇಲ್ಲಿಯ ಸಂಸ್ಕರಿಸಿದ ನೀರನ್ನು, ದಿನಕ್ಕೆ 44 ಕೋಟಿ ಲೀಟರ್ ಗುರಿಯಿಟ್ಟು, ಪಂಪ್ ಮಾಡಿ ಕೋಲಾರಕ್ಕೆ ಕಳಿಸುತ್ತಾರೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಿತ್ತು. ಜುಲೈನಲ್ಲಿ ಅಲ್ಲಿಯೂ ನೊರೆ ಕಾಣಿಸಿ ಪಂಪು ನಿಂತಿತು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟು ಹತ್ತಿ ಇಳಿದ ಮೇಲೆ ಮತ್ತೆ ಹರಿಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತಾಗಿ ಕೋಲಾರಕ್ಕೆ ಹೋದ ಕಾವೇರಿ, 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ, ಬೆಂಗಳೂರಿನ ಬಚ್ಚಲುಗಳ ಮೂಲಕ ಮತ್ತೆ ಕೋಲಾರಕ್ಕೆ ಹೋಗುತ್ತಿದ್ದಾಳೆ, ಈ ಬಾರಿ ಕೆರೆಗಳಿಗೆ. ದಶಕಗಳಿಂದ ಒಣಗಿದ್ದ ಕೆರೆಯಂಗಳದಲ್ಲಿ ನೀರು ನಿಂತದ್ದನ್ನು ಕಂಡು ಹಿಗ್ಗಿದ ರೈತರಿದ್ದಾರೆ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವನ್ನೂ ಮಾಡಿಯೇ ನೀರು ಬಿಡಿ ಎಂದು ಹೋರಾಡುತ್ತಿರುವವರೂ ಅದೇ ಊರುಗಳವರು.